22 ಪ್ರಶ್ನೆ ಇಟ್ಟುಕೊಂಡು ಹೋಗಿ ನಾನು ಕೆಟ್ಟ ಕಥೆ

"ವಿಶ್ವವಿದ್ಯಾನಿಲಯದ ಬದುಕಿನ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತಿದ್ದೇವೆ, ವಿದ್ಯಾರ್ಥಿಗಳಿಗೆ ಕೇಳಲು 20 ಒಳ್ಳೆಯ ಪ್ರಶ್ನೆ ಹೇಳಿ" ಅಂದಿದ್ದೀರಿ. ನನ್ನ ಹತ್ರ 22 ಇತ್ತು ಮಾರಾಯ್ರೆ.

ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ, ಅಂದರೆ ಮಂಗಳೂರು ವಿ.ವಿ.ಯ ಕ್ಯಾಂಪಸ್ಸಿನಲ್ಲಿ, ಎಂಎ ಓದುವಾಗ ನಾವು ಮೂವರು ಸೇರಿ 12 ನಿಮಿಷದ ಚಿತ್ರ ಮಾಡಿದೆವು. ಮೊದಲ ಪ್ರಶ್ನೆ, "ಈ ವಿಶ್ವವಿದ್ಯಾನಿಲಯದ ಬಗ್ಗೆ ಹೇಳಿ." 1980ರಲ್ಲಿ ಶುರುವಾಯಿತು, ಅದಕ್ಕೂ ಮೊದಲು ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿತ್ತು ಅಂತ ಎಲ್ಲರೂ ಹೇಳಿದ್ದೇ ಹೇಳಿದ್ದು. ಪರದೆ ಮೇಲೆ ಒಂದು ಸಾಲು ಬರೆದರೆ ಮುಗಿಯುವ ವಿಷಯ.

ನನ್ನನ್ನು ಮುಳುಗಿಸಿದ್ದು ಅದಲ್ಲ. ಪ್ರಶ್ನೆಗಳನ್ನೆಲ್ಲ ಹಿಂದಿನ ರಾತ್ರಿಯೇ ವಾಟ್ಸಾಪ್‌ನಲ್ಲಿ ಕಳಿಸಿಬಿಟ್ಟಿದ್ದೆ. ಪಾಪ, ಹೆದರದೆ ಮಾತಾಡಲಿ ಅಂತ. ಅವರೋ, ರಾತ್ರಿ ಕೂತು ಉತ್ತರ ಬರೆದು, ಬಾಯಿಪಾಠ ಮಾಡಿ ಬಂದರು. ಬೆಳ್ತಂಗಡಿ ಕಡೆಯ ಒಬ್ಬಳು ಕ್ಯಾಮೆರಾ ಮುಂದೆ ಕೂತು, "ವಿಶ್ವವಿದ್ಯಾನಿಲಯವು ನನ್ನ ಸರ್ವತೋಮುಖ ಬೆಳವಣಿಗೆಗೆ ಕಾರಣವಾಯಿತು" ಅಂದಳು. ನಮ್ಮೂರಲ್ಲಿ ಯಾರು ಹಾಗೆ ಮಾತಾಡ್ತಾರೆ ಹೇಳಿ! ನಾನಾದರೂ ತಡೆದು ಕೇಳಬೇಕಿತ್ತು ಅಲ್ವಾ? ನನ್ನ ಕಣ್ಣು ಚೀಟಿಯ ಮೇಲೆ. ಇನ್ನೂ 14 ಬಾಕಿ ಉಂಟಲ್ಲ.

ಎಲ್ಲ ಮುಗಿಸಿ, ಮೈಕ್ ಚೀಲಕ್ಕೆ ಹಾಕಿ, ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅವಳೇ ಸುಮ್ನೆ ಮಾತಿಗೆ ಶುರು ಮಾಡಿದಳು, ತುಳುವಿನಲ್ಲಿ. ದಿನಾ ಮೆಲ್ಕಾರಿನಲ್ಲಿ ಇಳಿದು ಮುಡಿಪು ದಾರಿಯ ಬಸ್ ಹಿಡಿಯುತ್ತಿದ್ದಳಂತೆ. ಅಮ್ಮ ಬೀಡಿ ಕಟ್ಟಿದ ದುಡ್ಡಿನಲ್ಲೇ ಫೀಸು. ಮೊದಲ ಸೆಮಿಸ್ಟರ್ ಪೂರ್ತಿ ಕ್ಲಾಸಿನಲ್ಲಿ ಹಿಂದಿನ ಬೆಂಚು. ಚೂಡಿದಾರದಿಂದ ಹೊಗೆಸೊಪ್ಪಿನ ವಾಸನೆ ಬರ್ತದಾ ಅಂತ ಭಯ.

ಮರುವಾರ ಅದನ್ನೇ ಕ್ಯಾಮೆರಾ ಮುಂದೆ ಹೇಳು ಅಂತ ಕರೆದೆವು. ಬಂದಳು, ಹೇಳಿದಳು. ಆದರೆ ಅದೂ ಒಪ್ಪಿಸಿದ ಪಾಠದ ಹಾಗೇ ಆಯಿತು. ಮೊದಲ ಸಲ ಹೇಳಿದ ಆ ಧ್ವನಿ ಬಸ್‌ಸ್ಟ್ಯಾಂಡಿನಲ್ಲೇ ಹೋಯಿತು.

ಹಾಗಾಗಿ ನಾನು 20 ಪ್ರಶ್ನೆ ಕೊಡುವುದಿಲ್ಲ. ನಾಲ್ಕು ಸಾಕು. ವಿಷಯ ಏನು, ಎಲ್ಲಿ ತೋರಿಸುತ್ತೀರಿ ಅಂತ ಮೊದಲೇ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ. ಪ್ರಶ್ನೆ ಮಾತ್ರ ಕಳಿಸಬೇಡಿ. "ಇಷ್ಟವಾಯಿತಾ?" ಅಂತ ಕೇಳಿದರೆ "ಹೌದು" ಅಂತಾರೆ, ಮುಗೀತು. "ಮೊದಲ ದಿನ ಮನೆಯಿಂದ ಹೊರಟಲ್ಲಿಂದ ಹೇಳಿ" ಅನ್ನಿ. ಎಡಿಟಿಂಗ್‌ನಲ್ಲಿ ನಿಮ್ಮ ಧ್ವನಿ ತೆಗೆದರೂ ಇಂಥ ಉತ್ತರ ತಾನಾಗಿ ನಿಲ್ಲುತ್ತದೆ. "ಮನೆಗೆ ಹೇಳದೆ ಮುಚ್ಚಿಟ್ಟದ್ದು ಏನಾದರೂ ಉಂಟಾ?" ಅಂತ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಉಳಿದ ಎರಡು ಅವರ ಮಾತಿನಿಂದಲೇ ಹುಟ್ಟಲಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಐದು ಸೆಕೆಂಡು ಕಾಯಿರಿ. ತುಳುವೋ ಬ್ಯಾರಿಯೋ ಕೊಂಕಣಿಯೋ, ಅವರ ಭಾಷೆಯಲ್ಲೇ ಮಾತಾಡಲಿ. ಕೆಳಗೆ ಕನ್ನಡ ಸಬ್‌ಟೈಟಲ್ ಹಾಕಿದರಾಯಿತು.

ಮತ್ತೆ, ಜುಲೈಯಲ್ಲಿ ಶೂಟಿಂಗ್ ಇಟ್ಟುಕೊಳ್ಳಬೇಡಿ. ಶೀಟಿನ ಮೇಲೆ ಮಳೆ ಬೀಳಲು ಶುರುವಾದರೆ ಎಂಥ ಉತ್ತರವೂ ಕೇಳುವುದಿಲ್ಲ.