ಖಾಲಿ ಜಾಗಕ್ಕಿಂತ ಮೊದಲು ಪಕ್ಕದ ಹಲ್ಲು ನೋಡಿ

ಪ್ರಶ್ನೆ: ನನಗೆ 48 ವರ್ಷ. ಎಂಟು ತಿಂಗಳ ಹಿಂದೆ ಕೆಳಗಿನ ಬಲಗಡೆಯ ದವಡೆ ಹಲ್ಲೊಂದನ್ನು ಕೀಳಿಸಿದೆ. ಅದರ ಹಿಂದಿನ ಹಲ್ಲಿಗೆ ಮೊದಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಇದೆ. ಮುಂದಿನದು ಗಟ್ಟಿಯಾಗಿದೆ. ಒಬ್ಬ ಡಾಕ್ಟರು ಬ್ರಿಡ್ಜ್ ಅಂದರು, ಇನ್ನೊಬ್ಬರು ಇಂಪ್ಲಾಂಟ್ ಅಂದರು. ‘ಒಳಗಿನ ಹಲ್ಲು ತಾನೇ, ಯಾರಿಗೆ ಕಾಣುತ್ತೆ, ಸುಮ್ನೆ ಬಿಡು’ ಅಂತಾರೆ ನಮ್ಮ ಯಜಮಾನರು. ನನಗೆ ಶುಗರ್ ಇದೆ. ಹೋದ ತಿಂಗಳ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.6. ಏನು ಮಾಡಲಿ?
– ಹೆಸರು ಬೇಡ, ತಿಪಟೂರು

ಉತ್ತರ: ಯಜಮಾನರ ಮಾತಿನಿಂದಲೇ ಶುರು ಮಾಡೋಣ. ಕಾಣಲ್ಲ ಅನ್ನೋದು ನಿಜ. ಆದರೆ ರೊಟ್ಟಿ, ಕೊಬ್ಬರಿ ಅಗಿಯೋದು ಅದೇ ಹಲ್ಲಲ್ವಾ? ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ನಿಧಾನಕ್ಕೆ ಮುಂದಕ್ಕೆ ವಾಲಬಹುದು. ಎದುರಿಗೆ ತಡೆಯಿಲ್ಲದೆ ಮೇಲಿನ ಹಲ್ಲು ಕೆಳಗಿಳಿಯಬಹುದು. ಆಮೇಲೆ ಹಲ್ಲು ಕಟ್ಟಿಸೋಣ ಅಂದರೆ ಜಾಗವೇ ಇರುವುದಿಲ್ಲ.

ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಎರಡು ಹಲ್ಲನ್ನು ಉಜ್ಜಿ ಸಣ್ಣದು ಮಾಡಿ, ಅವುಗಳ ಮೇಲೆ ಮೂರು ಕ್ಯಾಪ್‌ಗಳನ್ನು ಒಟ್ಟಿಗೆ ಕೂರಿಸೋದು. ಎರಡೂ ಹಲ್ಲಿಗೆ ಮೊದಲೇ ಕ್ಯಾಪ್ ಇದ್ದಿದ್ದರೆ ನಾನು ಹೆಚ್ಚು ಯೋಚಿಸದೆ ಬ್ರಿಡ್ಜ್ ಅನ್ನುತ್ತಿದ್ದೆ. ನಿಮ್ಮದು ಹಾಗಿಲ್ಲ. ಮುಂದಿನ ಗಟ್ಟಿ ಹಲ್ಲನ್ನು ಸುಮ್ಮನೆ ಉಜ್ಜಬೇಕಾಗುತ್ತದೆ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಹಿಂದಿನದೋ ಮೊದಲೇ ರೂಟ್ ಕೆನಾಲ್ ಆದ ಹಲ್ಲು. ಅದರ ಮೇಲೆ ಇನ್ನೊಂದು ಹಲ್ಲಿನ ಭಾರ ಹೊರಿಸಿ, ನಾಳೆ ಅದು ಸೀಳಿದರೆ ಇಡೀ ಬ್ರಿಡ್ಜ್ ಹೋಯಿತು.

ಹಾಗಾಗಿ ನನ್ನ ಮತ ಇಂಪ್ಲಾಂಟ್‌ಗೆ. ಆದರೆ ಈಗಲೇ ಅಲ್ಲ.

ಇಂಪ್ಲಾಂಟ್ ಒಂದು ಟೈಟಾನಿಯಂ ಸ್ಕ್ರೂ. ಮೂಳೆ ಅದಕ್ಕೆ ಅಂಟಿಕೊಂಡು ಬೆಳೆಯಬೇಕು. ಸ್ವೀಡನ್ನಿನ ಡಾಕ್ಟರು ಬ್ರೋನೆಮಾರ್ಕ್ 1965ರಲ್ಲಿ ಮೊದಲ ಬಾರಿ ಮನುಷ್ಯನ ಬಾಯಿಗೆ ಹಾಕಿದ್ದು ಇದನ್ನೇ. ಕೆಳದವಡೆಯಲ್ಲಿ ಮೂಳೆ ಹಿಡಿಯೋದಕ್ಕೆ ಸಾಮಾನ್ಯವಾಗಿ ಎರಡು-ಮೂರು ತಿಂಗಳು ಬೇಕು. ಶುಗರ್ ಜಾಸ್ತಿ ಇದ್ದರೆ ಗಾಯ ನಿಧಾನಕ್ಕೆ ಒಣಗುತ್ತದೆ, ಸೋಂಕಿನ ಭಯವೂ ಇರುತ್ತದೆ. 8.6ರಲ್ಲಿ ನಾನು ಕೈ ಹಾಕುವುದಿಲ್ಲ. ಶುಗರ್ ಡಾಕ್ಟರ ಹತ್ತಿರ ಹೋಗಿ 7ರ ಆಸುಪಾಸಿಗೆ ತನ್ನಿ. ಅಷ್ಟರವರೆಗೆ ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಒಂದೇ ಹಲ್ಲಿನ ಸೆಟ್ ಮಾಡಿಸಿಕೊಳ್ಳಿ. ಅದು ಜಾಗ ಕಾಯುತ್ತದೆ, ಅಷ್ಟೇ. ಅದರಲ್ಲಿ ಚಕ್ಕುಲಿ ಕಡಿಯಲು ಹೋಗಬೇಡಿ. ರಾತ್ರಿ ತೆಗೆದು ನೀರಿನಲ್ಲಿಡಿ.

ಎಲೆ ಅಡಿಕೆ ಅಭ್ಯಾಸ ಇದೆಯಾ? ನೀವು ಬರೆದಿಲ್ಲ, ಆದರೆ ನಿಮ್ಮ ಸೀಮೆಯವರನ್ನು ಕೇಳದೆ ಬಿಡುವಂತಿಲ್ಲ. ಅಡಿಕೆ ಜಗಿದು ಜಗಿದು ಕೆನ್ನೆ ಬಿಗಿಯಾದವರಲ್ಲಿ ಬಾಯಿ ಪೂರ್ತಿ ತೆರೆಯುವುದಿಲ್ಲ. ಹಿಂದಿನ ಹಲ್ಲಿನ ಜಾಗಕ್ಕೆ ಡ್ರಿಲ್ ಹೋಗೋದೇ ಕಷ್ಟ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಶುಗರ್ ಇಳಿದ ಮೇಲೆ ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಮಾಡಿಸಿ. ಕೆಳದವಡೆಯೊಳಗೆ ತುಟಿಗೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಆ ನರದ ಮೇಲೆ ಎಷ್ಟು ಮೂಳೆ ಇದೆ ಅನ್ನೋದು ಈ ಸ್ಕ್ಯಾನ್‌ನಲ್ಲೇ ಗೊತ್ತಾಗೋದು. ಮೂಳೆ ತೀರಾ ಕಡಿಮೆ ಇದ್ದು, ಮೂಳೆ ತುಂಬಿಸುವ ಸರ್ಜರಿ ಬೇಡ ಅನಿಸಿದರೆ ಬ್ರಿಡ್ಜ್ ಮಾಡಿಸಿ. ತಪ್ಪೇನಿಲ್ಲ. ಅದರ ಕೆಳಗೆ ದಿನಾ ಪುಟ್ಟ ಬ್ರಷ್ ತೂರಿಸಿ ಉಜ್ಜಬೇಕು, ಅಷ್ಟೇ. ಇಂಪ್ಲಾಂಟ್‌ಗೂ ಆ ಕೆಲಸ ತಪ್ಪಿದ್ದಲ್ಲ. ಹುಳುಕು ಹಿಡಿಯುವುದಿಲ್ಲ ನಿಜ, ಆದರೆ ಸುತ್ತಲಿನ ವಸಡು ಕೆಟ್ಟರೆ ಸ್ಕ್ರೂ ಅಲ್ಲಾಡುತ್ತದೆ.

ಇನ್ನು ದುಡ್ಡು. ‘ಒಂದು ಹಲ್ಲಿಗೆ ಎಷ್ಟು’ ಅಂತ ಕೇಳಬೇಡಿ. ಬ್ರಿಡ್ಜ್‌ಗೆ ಮೂರು ಹಲ್ಲಿನ ಲೆಕ್ಕ. ಇಂಪ್ಲಾಂಟ್‌ನಲ್ಲಿ ಕೆಲವರು ಬರೀ ಸ್ಕ್ರೂ ಬೆಲೆ ಹೇಳಿ, ಮೇಲಿನ ಕ್ಯಾಪ್‌ಗೆ ಬೇರೆ ಕೇಳುತ್ತಾರೆ. ಎಲ್ಲ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ. ಡೆಂಟಲ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಡಿಮೆಗೆ ಆಗುತ್ತದೆ, ಓಡಾಟ ಜಾಸ್ತಿ. ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಚಿಕ್ಕ ಸ್ಟಿಕ್ಕರ್ ಇರುತ್ತದೆ. ಕೇಳಿ ತಗೊಂಡು ಫೈಲಿಗೆ ಅಂಟಿಸಿಕೊಳ್ಳಿ. ಹತ್ತು ವರ್ಷದ ಮೇಲೆ ಸ್ಕ್ರೂ ಸಡಿಲಾದರೆ, ಆಗ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಕೇಳೋದು ಅದನ್ನೇ.