ಓದುಗರ ಪ್ರಶ್ನೆ: ಮಂಚದ ಕೆಳಗಿನಿಂದ ಹೊರಬಾರದ ನಾಯಿ

ಪ್ರಶ್ನೆ: ಹನ್ನೊಂದು ದಿನಗಳ ಹಿಂದೆ ನಾವು ಪ್ರಾಣಿಗಳ ಆಶ್ರಯಧಾಮವೊಂದರಿಂದ ಸುಮಾರು 3 ವರ್ಷದ ಹೆಣ್ಣುನಾಯಿಯನ್ನು ದತ್ತು ತಂದೆವು. ‘ಇದು ಬಹಳ ಪುಕ್ಕಲು, ತಾಳ್ಮೆ ಇರುವ ಮನೆಯೇ ಬೇಕು’ ಎಂದು ಅಲ್ಲಿನವರು ಮೊದಲೇ ತಿಳಿಸಿದ್ದರು. ಬಂದ ದಿನದಿಂದ ಅದು ಮಂಚದ ಕೆಳಗೆ ಗೋಡೆಗೆ ಒತ್ತಿಕೊಂಡು ಮಲಗಿರುತ್ತದೆ. ನಾವೆಲ್ಲ ಮಲಗಿದ ಮೇಲಷ್ಟೇ ತಿನ್ನುತ್ತದೆ. ನನ್ನ ಪತಿ ಬಗ್ಗಿ ಕೈ ಚಾಚಿದರೆ ಅಲ್ಲೇ ಮೂತ್ರ ಮಾಡಿಕೊಳ್ಳುತ್ತದೆ. ಮೊನ್ನೆ ಅವರನ್ನು ನೋಡಿ ಗುರ್ ಎಂದಿತು. ಎತ್ತಿ ಹೊರಗೆ ತಂದು ಮುದ್ದು ಮಾಡಿದರೂ ಬಿಟ್ಟ ಕ್ಷಣವೇ ಓಡಿ ಒಳಸೇರುತ್ತದೆ. ನಮ್ಮಿಂದ ಏನು ತಪ್ಪಾಗುತ್ತಿದೆ? ಅದನ್ನು ಹಿಂದಿರುಗಿಸುವುದೇ ಒಳ್ಳೆಯದೇ?

ಉತ್ತರ: ದಯವಿಟ್ಟು ಈಗಲೇ ಹಿಂದಿರುಗಿಸಬೇಡಿ. ಹನ್ನೊಂದು ದಿನ ಬಹಳ ಕಡಿಮೆ ಅವಧಿ. ನಾಯಿಗಳನ್ನು ರಕ್ಷಿಸಿ ಮನೆ ಹುಡುಕಿಕೊಡುವವರು 3 ದಿನ, 3 ವಾರ, 3 ತಿಂಗಳು ಎಂಬ ಒಂದು ಲೆಕ್ಕ ಹೇಳುತ್ತಾರೆ. ಮೊದಲ ಮೂರು ದಿನ ಗಾಬರಿ ಇಳಿಯುವುದಕ್ಕೆ, ಮೂರು ವಾರ ಮನೆಯ ದಿನಚರಿ ತಿಳಿಯುವುದಕ್ಕೆ, ಮೂರು ತಿಂಗಳು ಇದು ನನ್ನ ಮನೆ ಎನ್ನಿಸುವುದಕ್ಕೆ. ಇದು ಸಾಮಾನ್ಯ ನಾಯಿಗಳ ಅಂದಾಜು ಮಾತ್ರ. ನಿಮ್ಮದರಂಥ ಪುಕ್ಕಲು ನಾಯಿಗೆ ಇದರ ಎರಡು ಮೂರು ಪಟ್ಟು ಕಾಲ ಹಿಡಿದರೂ ಆಶ್ಚರ್ಯಪಡಬೇಕಾಗಿಲ್ಲ.

ನಿಮ್ಮ ಪ್ರೀತಿಯಲ್ಲಿ ಕೊರತೆಯಿಲ್ಲ, ಆದರೆ ಆ ಪ್ರೀತಿ ಇನ್ನೂ ನಾಯಿಗೆ ಅರ್ಥವಾಗುವ ರೂಪದಲ್ಲಿ ಅದನ್ನು ತಲುಪುತ್ತಿಲ್ಲ. ಮೇಲಿನಿಂದ ಬಾಗಿ ಬರುವ ದೊಡ್ಡ ದೇಹ, ತಲೆಯತ್ತ ಚಾಚಿದ ಕೈ, ನೇರವಾಗಿ ನೆಟ್ಟ ಕಣ್ಣು ಇವೆಲ್ಲ ಹೆದರಿದ ನಾಯಿಯ ಪಾಲಿಗೆ ಬೆದರಿಕೆಯೇ ಆಗಿರುತ್ತವೆ. ಗೋಡೆಗೆ ಒತ್ತಿಕೊಂಡ ಪ್ರಾಣಿಗೆ ಹಿಂದಕ್ಕೆ ಸರಿಯಲು ಜಾಗವಿಲ್ಲ, ಆದ್ದರಿಂದಲೇ ಅದು ಗುರುಗುಟ್ಟಿತು. ಆ ಗುರುಗುಟ್ಟುವಿಕೆಯನ್ನು ಗದರಿಸಿ ನಿಲ್ಲಿಸಬೇಡಿ. ಕಚ್ಚುವ ಮೊದಲು ನಾಯಿ ಕೊಡುವ ಎಚ್ಚರಿಕೆ ಅದು, ಮತ್ತು ಎಚ್ಚರಿಸಿದ್ದಕ್ಕೆ ಬೈಗುಳ ತಿಂದ ನಾಯಿ ಮುಂದೆ ಎಚ್ಚರಿಸದೆಯೇ ಕಚ್ಚುವುದನ್ನು ಕಲಿಯಬಹುದು. ಮೂತ್ರ ಮಾಡಿಕೊಳ್ಳುವುದೂ ಭಯದಿಂದಲೇ ಹೊರತು ಹಟದಿಂದಲ್ಲ, ಸುಮ್ಮನೆ ಒರೆಸಿಬಿಡಿ.

ಇಂದಿನಿಂದ ಮನೆಯವರೆಲ್ಲರೂ ಒಂದು ನಿಯಮ ಇಟ್ಟುಕೊಳ್ಳಬೇಕು: ನಾಯಿ ತಾನಾಗಿ ಬರುವ ತನಕ ಯಾರೂ ಅದರತ್ತ ಕೈ ಚಾಚಬಾರದು, ಎಳೆಯಬಾರದು, ಎತ್ತಬಾರದು. ಮಂಚದ ಕೆಳಗಿನ ಜಾಗ ಅದರದ್ದೇ ಆಗಿರಲಿ. ಅಲ್ಲೊಂದು ಹಾಸಿಗೆ ಹಾಕಿ, ನೀರಿನ ಬಟ್ಟಲನ್ನು ಹತ್ತಿರದಲ್ಲೇ ಇಡಿ. ಪ್ರತಿದಿನ ಅದೇ ಹೊತ್ತಿಗೆ ಅದೇ ಕೋಣೆಗೆ ಹೋಗಿ, ಆರೆಂಟು ಅಡಿ ದೂರದಲ್ಲಿ, ನಾಯಿಗೆ ನೇರ ಮುಖಮಾಡದೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು ಪುಸ್ತಕವನ್ನೋ ಪತ್ರಿಕೆಯನ್ನೋ ಮೆಲುದನಿಯಲ್ಲಿ ಓದಿಕೊಳ್ಳಿ. ಅದರತ್ತ ನೋಡಬೇಡಿ. ಹದಿನೈದು ಇಪ್ಪತ್ತು ನಿಮಿಷದ ನಂತರ ಬೇಯಿಸಿದ ಮಾಂಸದ ಒಂದೆರಡು ಚೂರುಗಳನ್ನು ಬಿಟ್ಟು ಎದ್ದುಹೋಗಿ. ಏನೂ ನಡೆಯಲಿಲ್ಲ ಎಂದು ನಿಮಗೆ ಅನ್ನಿಸುವ ಆ ಹೊತ್ತಿನಲ್ಲಿ ನಾಯಿ ಒಂದು ದೊಡ್ಡ ವಿಷಯವನ್ನು ಕಲಿಯುತ್ತಿರುತ್ತದೆ: ಈ ಮನುಷ್ಯರು ಬರುತ್ತಾರೆ, ಏನೂ ಮಾಡುವುದಿಲ್ಲ, ಹೋಗುವಾಗ ತಿನ್ನಲು ಕೊಟ್ಟು ಹೋಗುತ್ತಾರೆ.

ಅದು ಹೊರಗೆ ಇಣುಕಲು ಆರಂಭಿಸಿದಾಗ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ತಿನಿಸನ್ನು ಕೈಯಲ್ಲಿ ಹಿಡಿದು ಹತ್ತಿರ ಕರೆಯುತ್ತಾರೆ. ನಾಯಿ ಆಸೆಯಿಂದ ಕುತ್ತಿಗೆಯನ್ನು ಉದ್ದಕ್ಕೆ ಚಾಚುತ್ತದೆ, ಆದರೆ ಹಿಂಗಾಲುಗಳು ಓಡಲು ಸಿದ್ಧವಾಗಿ ಹಿಂದೆಯೇ ಊರಿರುತ್ತವೆ. ತಿಂದು ಮುಗಿಸಿ ತಲೆಯೆತ್ತಿದರೆ ಮನುಷ್ಯ ಮೂಗಿನ ತುದಿಯಲ್ಲೇ ಇರುತ್ತಾನೆ! ಆ ಕ್ಷಣದ ಗಾಬರಿ ಒಂದು ವಾರದ ಗಳಿಕೆಯನ್ನು ಕಳೆದುಬಿಡಬಹುದು. ಅದರ ಬದಲು ಚೂರನ್ನು ನಾಯಿಯ ಹಿಂಬದಿಗೆ ಮೆಲ್ಲನೆ ಎಸೆಯಿರಿ. ನಿಮ್ಮಿಂದ ದೂರ ಸರಿಯುವ ನೆಮ್ಮದಿಯೂ ತಿನಿಸೂ ಅದಕ್ಕೆ ಒಟ್ಟಿಗೇ ಸಿಗುತ್ತವೆ, ಮತ್ತೆ ನಿಮ್ಮ ಕಡೆ ತಿರುಗಿ ಬರುವುದೋ ಬೇಡವೋ ಎಂಬ ನಿರ್ಧಾರ ಅದರದ್ದೇ ಆಗಿರುತ್ತದೆ. ನಾನು ಸಾಕಿದ ಇಂಥದೇ ಒಂದು ನಾಯಿ 43ನೆಯ ದಿನ, ನಾನು ಬೆನ್ನು ಹಾಕಿ ಕುಳಿತಿದ್ದಾಗ, ನನ್ನ ಹಿಮ್ಮಡಿಗೆ ಮೂಗು ತಾಗಿಸಿತು. ಒದ್ದೆಯಾದ, ತಣ್ಣನೆಯ, ಒಂದೇ ಕ್ಷಣದ ಸ್ಪರ್ಶ. ತಿರುಗಿ ನೋಡದೆ ಕೂರುವುದು ಅಂದು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ, ಆದರೂ ತಿರುಗಲಿಲ್ಲ. ಮರುದಿನ ಅದು ಎರಡು ಬಾರಿ ಬಂದು ಮೂಸಿತು.

ಮುಟ್ಟುವ ಕಾಲ ಬಂದಾಗ ತಲೆಯನ್ನು ಬಿಟ್ಟು ಎದೆಯನ್ನೋ ಭುಜವನ್ನೋ ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ಇನ್ನೂ ಬೇಕೆನಿಸಿದರೆ ಅದೇ ಹತ್ತಿರ ಸರಿಯುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುವುದು, ತಿನಿಸಿಲ್ಲದಿದ್ದರೂ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಂಚಿನ ಬಿಳಿ ಕಾಣುವುದು ಇವೆಲ್ಲ ‘ಸಾಕು’ ಎಂಬುದರ ಸೂಚನೆಗಳು. ಕದಲದೆ ಸೆಟೆದು ನಿಂತ ನಾಯಿಯನ್ನು ಶಾಂತವಾಗಿದೆ ಎಂದು ಭಾವಿಸುವವರಿದ್ದಾರೆ, ಆದರೆ ಅದು ಹೆಚ್ಚಿನ ವೇಳೆ ಭಯದ ತುದಿ.

ಅದನ್ನು ಯಾರೋ ಹೊಡೆದಿರಬೇಕು ಎಂದು ನಿಮಗೆ ಅನ್ನಿಸಿರಬಹುದು. ಹಾಗೆಯೇ ಆಗಿರಬೇಕೆಂದಿಲ್ಲ. ಮರಿ ಹುಟ್ಟಿದ 3ನೆಯ ವಾರದಿಂದ ಸುಮಾರು 14ನೆಯ ವಾರದವರೆಗೆ ನೋಡಿದ, ಕೇಳಿದ, ಮುಟ್ಟಿಸಿಕೊಂಡ ಸಂಗತಿಗಳನ್ನು ಸಹಜವೆಂದು ಒಪ್ಪಿಕೊಳ್ಳುತ್ತದೆ. ಆ ಕಾಲದಲ್ಲಿ ಮನುಷ್ಯರ ಒಡನಾಟ ಸಿಗದಿದ್ದರೆ ಯಾರೂ ಹೊಡೆಯದಿದ್ದರೂ ಅದು ಮನುಷ್ಯರಿಗೆ ಅಂಜುತ್ತದೆ. ಇಂಥ ನಾಯಿ ಮುಂದೆಯೂ ಅಪರಿಚಿತರ ಮಡಿಲೇರದಿರಬಹುದು, ಆದರೆ ನಿಮ್ಮ ಮನೆಯೊಳಗೆ ಸುಖವಾಗಿ ಬಾಳಬಲ್ಲದು.

ಎರಡು ವಿಷಯಗಳನ್ನು ಮಾತ್ರ ಮುಂದೂಡಬೇಡಿ. ಮೊದಲನೆಯದು ಪಶುವೈದ್ಯರ ತಪಾಸಣೆ, ಏಕೆಂದರೆ ಹಲ್ಲು, ಕಿವಿ ಅಥವಾ ಕೀಲಿನ ನೋವು ಕೂಡ ನಾಯಿಯನ್ನು ಮುಟ್ಟಿಸಿಕೊಳ್ಳದಂತೆ ಮಾಡುತ್ತದೆ. ಸಾಧ್ಯವಾದರೆ ವೈದ್ಯರೇ ಮನೆಗೆ ಬರಲಿ. ಇಡೀ ಒಂದು ದಿನ ಏನನ್ನೂ ತಿನ್ನದಿದ್ದರೆ ಅಥವಾ ತಿಂಗಳುಗಳಾದರೂ ಭಯ ಇಳಿಯದಿದ್ದರೆ ಅವರಿಗೆ ತಿಳಿಸಿ. ಆತಂಕವನ್ನು ತಗ್ಗಿಸುವ ಔಷಧಿಗಳು ನಾಯಿಗಳಿಗೂ ಇವೆ, ಅವುಗಳಲ್ಲಿ ಕೆಲವು ಪರಿಣಾಮ ತೋರಲು ಹಲವು ವಾರ ತೆಗೆದುಕೊಳ್ಳುತ್ತವೆ. ಎರಡನೆಯದು ಬಾಗಿಲು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಂಡು ಓಡಿಬಿಡುತ್ತದೆ, ಹಾಗೆ ಓಡಿದ ಮೇಲೆ ಮನೆಯವರು ಕರೆದರೂ ನಿಲ್ಲುವುದಿಲ್ಲ. ಹೊರಗೆ ಕರೆದೊಯ್ಯುವಾಗ ಎದೆಗೂ ಹೊಟ್ಟೆಗೂ ಬಿಗಿಯಾಗಿ ಕೂರುವ ಹಾರ್ನೆಸ್ ಒಂದು, ಕೊರಳಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ ಇರಲಿ. ಗುರುತಿಗಾಗಿ ಚರ್ಮದಡಿ ಇಡುವ ಮೈಕ್ರೋಚಿಪ್ ಹಾಕಿಸಿ, ನಿಮ್ಮ ಫೋನ್ ಸಂಖ್ಯೆಯ ಬಿಲ್ಲೆಯನ್ನು ಕೊರಳಿಗೆ ಕಟ್ಟಿ.

ಪ್ರಶ್ನೆ: ಸಿಡಿಲು ಗುಡುಗಿದಾಗ ನಮ್ಮ ನಾಯಿ ನಡುಗುತ್ತ ನನ್ನ ಕಾಲಿಗೆ ಅಂಟಿಕೊಳ್ಳುತ್ತದೆ. ಆಗ ಸಮಾಧಾನ ಮಾಡಿದರೆ ಭಯ ಇನ್ನೂ ಬೆಳೆಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಭಯ ಒಂದು ಭಾವನೆ, ಬಹುಮಾನದ ಆಸೆಗೆ ನಾಯಿ ಮಾಡುವ ಚೇಷ್ಟೆಯಲ್ಲ. ನಿಮ್ಮ ಬಳಿಗೆ ಬಂದರೆ ನಿಶ್ಚಿಂತೆಯಿಂದ ಪಕ್ಕದಲ್ಲಿ ಕೂರಿಸಿಕೊಂಡು ಸವರಿ. ಬಚ್ಚಿಟ್ಟುಕೊಂಡರೆ ಮಾತ್ರ ಹೊರಗೆಳೆಯಬೇಡಿ.

ಪ್ರಶ್ನೆ: ನಮ್ಮ ಮಕ್ಕಳಿಗೆ 4 ಮತ್ತು 6 ವರ್ಷ. ನಾವಿಬ್ಬರೂ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಯಾರೂ ದತ್ತು ಪಡೆಯದ ಒಂದು ಪುಕ್ಕಲು ನಾಯಿಯ ಚಿತ್ರ ನೋಡಿ ಮನಸ್ಸು ಕರಗಿದೆ. ತರಬಹುದೇ?

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಆದರೂ ಈಗ ಬೇಡ ಎನ್ನಬೇಕಾಗಿದೆ. ಆ ವಯಸ್ಸಿನ ಮಕ್ಕಳು ಓಡುತ್ತಾರೆ, ಕಿರುಚುತ್ತಾರೆ, ಅಪ್ಪಿಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಭಯಗೊಂಡ ನಾಯಿಗೆ ಅದು ದಿನವಿಡೀ ನಡೆಯುವ ದಾಳಿಯಂತಾಗಿ, ಒಂದು ದಿನ ಮಗುವಿಗೆ ಹಲ್ಲು ತಾಗಿದರೆ ಇಬ್ಬರ ಬಾಳೂ ಕೆಡುತ್ತದೆ. ಮಕ್ಕಳೊಂದಿಗೆ ಬೆಳೆದು ರೂಢಿಯಿರುವ, ದೊಡ್ಡ ವಯಸ್ಸಿನ ಶಾಂತ ನಾಯಿಯೊಂದು ಬೇಕೆಂದು ಆಶ್ರಯಧಾಮದವರನ್ನು ಕೇಳಿ. ಅಂಥವೂ ಅಲ್ಲಿ ವರ್ಷಗಟ್ಟಲೆ ಕಾಯುತ್ತಿರುತ್ತವೆ. ಆ ಪುಕ್ಕಲು ನಾಯಿಗೆ ನೆರವಾಗಲೇಬೇಕು ಎನ್ನಿಸಿದರೆ, ಅಲ್ಲಿನವರ ಒಪ್ಪಿಗೆ ಪಡೆದು ವಾರಕ್ಕೊಮ್ಮೆ ನೀವೊಬ್ಬರೇ ಹೋಗಿ ಅದರ ಗೂಡಿನ ಪಕ್ಕದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ಬನ್ನಿ. ಅಪರಿಚಿತರೊಬ್ಬರ ಹತ್ತಿರ ನೆಮ್ಮದಿಯಾಗಿ ಇರಬಲ್ಲ ನಾಯಿಗೆ ಮನೆ ಸಿಗುವ ಸಾಧ್ಯತೆ ಹೆಚ್ಚು.