ಕೊಟ್ಟಿಗೆ ಖಾಲಿ ಇಟ್ಟುಕೊಂಡು ಹೊಸ ಕೋಣೆ ಏಕೆ?

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರದ ಸಾರ ಹೀಗಿದೆ: 'ನಮ್ಮದು ಐತಿಹಾಸಿಕವೆಂದು ಸರಕಾರ ರಕ್ಷಿಸುವ ಕಟ್ಟಡಗಳ ಗ್ರೇಡ್ 2 ಪಟ್ಟಿಗೆ ಸೇರಿದ ಹಳೆಯ ಕಲ್ಲಿನ ರೈತಮನೆ. ಪಕ್ಕಕ್ಕೆ ಎರಡಂತಸ್ತು ಕಟ್ಟಲು ಅರ್ಜಿ ಹಾಕಿದೆವು. ಮನೆಯ ಸ್ವರೂಪಕ್ಕೆ ಧಕ್ಕೆಯಾಗುತ್ತದೆಂದು ಕೌನ್ಸಿಲ್‌ನವರು ತಿರಸ್ಕರಿಸಿದರು. ಜಾಗ ನಮ್ಮದು, ದುಡ್ಡು ನಮ್ಮದು, ಇವರ ಕಾಟವೇಕೆ? ಮೇಲ್ಮನವಿ ಹಾಕಬೇಕೋ, ಹೊಸ ಅರ್ಜಿ ಕೊಡಬೇಕೋ? ಒಂದೇ ಮಾಡಿನಡಿ ಇರುವ ಕೊಟ್ಟಿಗೆಯಲ್ಲಿ ಸದ್ಯಕ್ಕೆ ಹಳೆ ಸಾಮಾನು ತುಂಬಿದ್ದೇವೆ.'

ನಿಮ್ಮ ಸಿಟ್ಟಿಗೆ ಕಾರಣವಿದೆ. ಮನೆ ವಿಸ್ತರಣೆಯ ಅರ್ಜಿಗೆ 8 ವಾರದಲ್ಲಿ ಉತ್ತರ ಕೊಡಬೇಕೆಂಬ ನಿಯಮವಿದ್ದರೂ 'ಇನ್ನಷ್ಟು ಸಮಯಕ್ಕೆ ಒಪ್ಪಿಗೆ ಕೊಡಿ' ಎಂಬ ಪತ್ರ ಬರುವುದು ಮಾಮೂಲು. ಆದರೆ ಸ್ವಾಮಿ, ತಿರಸ್ಕಾರದ ವಿಷಯದಲ್ಲಿ ನಾನು ನಿಮ್ಮ ಮನೆಯ ಪರ. ನಿಮ್ಮ ಪತ್ರದ ತಿರುಳಿರುವುದು ಆ ಕೊನೆಯ ಸಾಲಿನಲ್ಲಿ.

ಮನೆ ಮತ್ತು ಕೊಟ್ಟಿಗೆ ಒಂದೇ ಸಾಲಿನಲ್ಲಿ, ಒಂದೇ ಮಾಡಿನಡಿ ಇರುವ ಈ ಬಗೆಯ ಕಟ್ಟಡಕ್ಕೆ ಅಲ್ಲಿಯವರು ಲೇತ್ ಹೌಸ್ ಎನ್ನುತ್ತಾರೆ. ಕೆಳಗೆ ದನ, ಮೇಲೆ ಹುಲ್ಲು, ಗೋಡೆಯಾಚೆ ಸಂಸಾರ. ಆ ಉದ್ದನೆಯ ಸಾಲೇ ಅದರ ಚೆಲುವು. ಪಕ್ಕಕ್ಕೆ ಅಷ್ಟೇ ಎತ್ತರದ ಎರಡಂತಸ್ತು ತಂದು ನಿಲ್ಲಿಸಿದರೆ ಮೂಲ ಮನೆ ಎಲ್ಲಿ ಮುಗಿಯಿತೆಂದು ಯಾರಿಗೂ ತಿಳಿಯುವುದಿಲ್ಲ. ಅಧಿಕಾರಿಗಳು ಆಡಿರುವುದೂ ಇದೇ ಮಾತನ್ನು. ಅವರ ಭಾಷೆ ಒಣಕಲು, ಅಷ್ಟೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ವಾಸದ ಮನೆ ವಿಸ್ತರಿಸಲು ಹಾಕುವ ಹೌಸ್‌ಹೋಲ್ಡರ್ ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಇರುವುದು 12 ವಾರ. ಆದರೆ ಅಲ್ಲಿ ಪರಿಶೀಲನೆಗೆ ಬರುವುದು ನೀವು ಮೊದಲು ಕೊಟ್ಟ ನಕ್ಷೆಯೇ. ತಿದ್ದಿದ ನಕ್ಷೆ ತೋರಿಸಿ ಗೆಲ್ಲುವ ಜಾಗ ಅದಲ್ಲ. ನಕ್ಷೆಯೇ ತಪ್ಪಿದ್ದಾಗ ಹೊಸ ಅರ್ಜಿ ಮೇಲು. ಬಿದ್ದ ಅರ್ಜಿಯನ್ನು ವರ್ಷದೊಳಗೆ ಪುಕ್ಕಟೆಯಾಗಿ ಮತ್ತೊಮ್ಮೆ ಹಾಕುವ ಸೌಲಭ್ಯ ಇಂಗ್ಲೆಂಡಿನಲ್ಲಿ 2023ರ ಡಿಸೆಂಬರ್ 6ಕ್ಕೆ ನಿಂತುಹೋಯಿತು. ಆದ್ದರಿಂದ ಈ ಬಾರಿ ಪ್ರೀ-ಅಪ್ಲಿಕೇಶನ್ ಸಲಹೆಗೆ, ಅಂದರೆ ಅರ್ಜಿಗೆ ಮುಂಚೆ ಕೌನ್ಸಿಲ್ ಕೊಡುವ ಸಲಹೆಗೆ, ಶುಲ್ಕ ಕಟ್ಟಿ, ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಅದರ ಕನ್ಸರ್ವೇಶನ್ ಅಧಿಕಾರಿಯನ್ನು ಮನೆಗೇ ಕರೆಸಿ. ಕಚ್ಚಾ ರೇಖಾಚಿತ್ರ ಸಾಕು. ವಾಸ್ತುಶಿಲ್ಪಿಗೆ ಪೂರ್ತಿ ದುಡ್ಡು ಕೊಟ್ಟ ಮೇಲೆ ಕೇಳುವ ಸಲಹೆಯಿಂದ ಪ್ರಯೋಜನವಿಲ್ಲ.

ಅರ್ಜಿಗಳು ಎರಡು ಎಂಬುದು ನೆನಪಿರಲಿ. ಕಟ್ಟಲು ಬೇಕಾದ ಪ್ಲಾನಿಂಗ್ ಪರ್ಮಿಷನ್ ಒಂದು, ಪಟ್ಟಿಗೆ ಸೇರಿದ ಮನೆಯನ್ನು ಬದಲಿಸಲು ಬೇಕಾದ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ ಇನ್ನೊಂದು. ಎರಡನೆಯದಕ್ಕೆ ಶುಲ್ಕವಿಲ್ಲ, ಆದರೆ ಅದಿಲ್ಲದೆ ಮನೆಯ ಸ್ವರೂಪಕ್ಕೆ ತಾಗುವ ಕೆಲಸ ಮಾಡಿದರೆ ಪಟ್ಟಿಗೆ ಸೇರಿದ ಕಟ್ಟಡಗಳ ಕುರಿತ 1990ರ ಕಾಯ್ದೆಯ ಪ್ರಕಾರ ಕ್ರಿಮಿನಲ್ ಅಪರಾಧ. ಗೋಡೆಯ ಒಳಮೈ, ಮೆಟ್ಟಿಲು, ಒಲೆಯ ಗೂಡು ಎಲ್ಲವೂ ಅದರ ವ್ಯಾಪ್ತಿಯಲ್ಲೇ. ಕಟ್ಟಡದ ಸುರಕ್ಷತೆ, ಗುಣಮಟ್ಟ ನೋಡುವ ಬಿಲ್ಡಿಂಗ್ ರೆಗ್ಯುಲೇಶನ್ಸ್ ಒಪ್ಪಿಗೆ ಇವೆರಡಕ್ಕೂ ಹೊರತು, ಅದನ್ನು ಬೇರೆಯೇ ಪಡೆಯಬೇಕು.

ನಕ್ಷೆಗಳಲ್ಲಿ 1:1250 ಅಥವಾ 1:2500 ಅಳತೆಯ ಸ್ಥಳನಕ್ಷೆ, 1:500 ಅಥವಾ 1:200ರ ನಿವೇಶನ ನಕ್ಷೆ, ಈಗಿರುವ ಮತ್ತು ಮುಂದಾಗುವ ಮನೆಯ ಚಿತ್ರಗಳು 1:100 ಅಥವಾ 1:50ರಲ್ಲಿ ಇರಲಿ. ಜೊತೆಗೆ, ಹಳೆಯ ಕಟ್ಟಡದ ಮಹತ್ವವನ್ನೂ ಅದರ ಮೇಲೆ ಕೆಲಸದ ಪರಿಣಾಮವನ್ನೂ ವಿವರಿಸುವ ಹೆರಿಟೇಜ್ ಸ್ಟೇಟ್‌ಮೆಂಟ್. ಬಹಳಷ್ಟು ಅರ್ಜಿ ಮುಗ್ಗರಿಸುವುದು ಇಲ್ಲಿಯೇ. 'ಮನೆ ಸುಂದರವಾಗಿದೆ, ಧಕ್ಕೆಯಾಗುವುದಿಲ್ಲ' ಎಂದು ಎರಡು ಪುಟ ಬರೆದರೆ ಯಾರೂ ಒಪ್ಪುವುದಿಲ್ಲ. ಯಾವ ಗೋಡೆ ಮೊದಲಿನದು, ಯಾವುದು ಆಮೇಲೆ ಬಂದದ್ದು, ಮುಚ್ಚಿದ ಬಾಗಿಲು ಎಲ್ಲಿದೆ, ನಿಮ್ಮ ಕೆಲಸ ಯಾವುದನ್ನು ಮುಟ್ಟುತ್ತದೆ, ಏಕೆ ಮುಟ್ಟಲೇಬೇಕು ಎಂಬುದನ್ನು ಕಲ್ಲು ಕಲ್ಲಿಗೂ ಬರೆಯಬೇಕು.

ಬಾವಲಿಗಳನ್ನು ಮರೆತು ವರ್ಷ ಕಳೆದುಕೊಂಡವರು ಬಹಳ. ಕಲ್ಲುಹಲಗೆಯ ಮಾಡು, ಬಿರುಕು ಬಿಟ್ಟ ಗೋಡೆ ಬಾವಲಿಗಳಿಗೆ ಹೇಳಿ ಮಾಡಿಸಿದ ಜಾಗ. ಬ್ರಿಟನ್ನಿನಲ್ಲಿ ಎಲ್ಲ ಜಾತಿಯ ಬಾವಲಿಗಳಿಗೂ ಕಾನೂನಿನ ರಕ್ಷಣೆಯಿದೆ. ಮನೆಯಲ್ಲಿ ಅವು ಇವೆಯೇ ಎಂಬ ಮೊದಲ ತಪಾಸಣೆ ಯಾವಾಗ ಬೇಕಾದರೂ ಆದೀತು, ಆದರೆ ಮುಸ್ಸಂಜೆ ಅವು ಹೊರಬರುವುದನ್ನು ಕೂತು ನೋಡುವ ಸಮೀಕ್ಷೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಅಕ್ಟೋಬರಿನಲ್ಲಿ ಎಚ್ಚೆತ್ತರೆ ಮುಂದಿನ ಮೇ ತನಕ ಕಾಯಬೇಕು.

ಇನ್ನು ಕೊಟ್ಟಿಗೆ. ನಿಮಗೆ ಬೇಕಾದ ಕೋಣೆ ಅಲ್ಲೇ ಇದೆ. ಗಾಡಿ ನುಗ್ಗುತ್ತಿದ್ದ ದೊಡ್ಡ ಬಾಗಿಲಿನ ಗಾಜನ್ನು ಗೋಡೆಯ ಹೊರಮೈಗೆ ಸಮವಾಗಿ ಕೂರಿಸದೆ ಒಳಸರಿಸಿ ಕೂರಿಸಿ; ನೆರಳು ಉಳಿದರೆ ಬಾಗಿಲು ಬಾಗಿಲಾಗಿಯೇ ಕಾಣುತ್ತದೆ. ಗಾಳಿಗಿಂಡಿಗಳನ್ನು ಕಿಟಕಿಯಾಗಿ ಅಗಲ ಮಾಡಬೇಡಿ. ಬೆಳಕಿಗೆಂದು ಮಾಡಿನಲ್ಲಿ ಸಾಲುಗಾಜು ಹಾಕಲೂಬೇಡಿ. ಹಿಂಬದಿಯಲ್ಲಿ ಒಂದೆರಡು ಸಾಕು.

ಅತಿ ದೊಡ್ಡ ಅಪಾಯವಿರುವುದು ಮಾಡಿನ ಅಡ್ಡತೊಲೆಯಲ್ಲಿ. ಮೇಲಂತಸ್ತು ಹಾಕಿದರೆ ಆ ತೊಲೆ ಎದೆಮಟ್ಟಕ್ಕೆ ಬರುತ್ತದೆ, ಓಡಾಡಲು ತೊಡಕು. ಮೇಸ್ತ್ರಿ 'ಕತ್ತರಿಸಿ ಬಿಡೋಣ' ಅಂದಾನು. ಒಪ್ಪಬೇಡಿ. ಇಳಿಜಾರಿನ ಎರಡೂ ಕಾಲುಗಳು ಹೊರಕ್ಕೆ ಜಾರದಂತೆ ಹಿಡಿದಿರುವುದು ಆ ತೊಲೆಯೇ. ಅದು ಹೋದರೆ ಭಾರವಾದ ಕಲ್ಲುಹಲಗೆ ಗೋಡೆಯ ತಲೆಯನ್ನು ಹೊರಗೆ ನೂಕುತ್ತದೆ. ಗೋಡೆಯೋ ಎರಡು ಪದರ ಕಲ್ಲು, ನಡುವೆ ಜಲ್ಲಿ-ಮಣ್ಣು. ಉಬ್ಬಲು ಹೊತ್ತು ಬೇಡ. ತೊಲೆ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಕೋಣೆಯನ್ನು ಹಂಚಿಕೊಳ್ಳಿ. ಆ ಭಾಗವನ್ನು ಮಾಡಿನವರೆಗೂ ತೆರೆದೇ ಬಿಟ್ಟರೆ ಇನ್ನೂ ಒಳ್ಳೆಯದು.

ಹಾಗೂ ಹೊಸದಾಗಿ ಕಟ್ಟಲೇಬೇಕೆಂದರೆ ಹಿಂಬದಿಗೆ, ಒಂದಂತಸ್ತು, ನೆತ್ತಿ ಮೂಲ ಮನೆಯ ಸೂರಿಗಿಂತ ಕೆಳಗೆ. ಹೊಸ ಕಲ್ಲನ್ನು ಹಳೆ ಗೋಡೆಗೆ ಕಚ್ಚಿಸಬೇಡಿ. ಹಳೆಯದು ಎಂದೋ ಕುಳಿತಾಗಿದೆ, ಹೊಸದು ಇನ್ನು ಕುಳಿತುಕೊಳ್ಳಬೇಕು, ನಡುವೆ ಬಿರುಕು ಖಚಿತ. ಸಂದು ಬಿಟ್ಟು ಆನಿಸಿ. ಹಳೆ ಗೋಡೆಗೆ ಪಾಯ ಇದ್ದರೂ ಆಳವಿರುವುದಿಲ್ಲ, ಪಕ್ಕದಲ್ಲಿ ಒಂದು ಮೀಟರ್ ಕಂದಕವನ್ನು ಉದ್ದಕ್ಕೂ ಒಮ್ಮೆಲೇ ತೋಡಿದರೆ ಅದರ ಬುಡವೇ ಜಾರುತ್ತದೆ. ತುಂಡು ತುಂಡಾಗಿ ತೋಡಿಸಿ. ಕಲ್ಲಿನ ಸಂದಿಗೆ ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟ್ ತುಂಬಿದರೆ ಗೋಡೆಯ ತೇವ ಗಾರೆಯಿಂದ ಹೊರಹೋಗಲಾರದೆ ಕಲ್ಲಿನ ಮೂಲಕವೇ ಹೋಗುತ್ತದೆ, ಚಳಿಗಾಲದ ಹಿಮಕ್ಕೆ ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಸುರಿದರೂ ಇದೇ ಕಥೆ: ನೆಲದಡಿಯ ತೇವ ಗೋಡೆಗೆ ಏರುತ್ತದೆ.

ನಿಮ್ಮ ಸಿಟ್ಟನ್ನು ಕೌನ್ಸಿಲ್ ಮೇಲೆ ಖರ್ಚು ಮಾಡುವ ಬದಲು ತೆರಿಗೆಯ ಮೇಲೆ ಮಾಡಿ, ನಾನೂ ಜೊತೆಗೆ ಬರುತ್ತೇನೆ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟುವವರಿಗೆ ವ್ಯಾಟ್ ಸೊನ್ನೆ. ಹಳೆಯದನ್ನು ಉಳಿಸಿ ದುರಸ್ತಿ ಮಾಡುವವರಿಗೆ ಸಾಮಾನ್ಯವಾಗಿ ಶೇ 20. ಪಟ್ಟಿಗೆ ಸೇರಿದ ಮನೆಗಳಲ್ಲಿ ಒಪ್ಪಿಗೆ ಪಡೆದ ಬದಲಾವಣೆಗಾದರೂ ಮೊದಲು ವಿನಾಯಿತಿ ಇತ್ತು, 2012ರ ಅಕ್ಟೋಬರ್ 1ರಿಂದ ಅದನ್ನೂ ಕಿತ್ತುಕೊಂಡರು. ಮನೆ ಕಾಪಾಡು ಎಂದು ಕಾನೂನು ಮಾಡುವ ಸರಕಾರವೇ ಕಾಪಾಡಿದವನಿಗೆ ದಂಡ ಹಾಕುವುದು ಅನ್ಯಾಯ. 1877ರಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ ದೇಶ ಅದು. ಆ ಸಂಘ ಇಂದಿಗೂ ಇದೆ. ಸುಣ್ಣ, ಕಲ್ಲು, ತೇವದ ಬಗ್ಗೆ ಸಲಹೆ ಕೊಡುತ್ತದೆ. ಕೊಟ್ಟಿಗೆಯ ಸಾಮಾನು ಹೊರಗಿಟ್ಟು, ಒಳಗಿನ ಅಳತೆ ತೆಗೆದು, ಮೊದಲು ಅವರನ್ನು ಕೇಳಿ.